ಸದಾರಮೆ: ನಾಟಕರಂಗದಿಂದ ಬೆಳ್ಳಿತೆರೆಗೆ
(ಸಂಘದ ವಾರ್ಷಿಕೋತ್ಸವದ ಸಂದರ್ಭದಲ್ಲಿ ಮಾಡಿದ ಭಾಷಣ)



ಗಡಿನಾಡಿನ ಕನ್ನಡ ಸಂಘಗಳ ಉತ್ಸವಗಳಲ್ಲಿ ಬಹುಮಟ್ಟಿಗೆ ಎರಡು ಬಗೆಯ ಭಾಷಣಗಳು ನಡೆಯುತ್ತವೆ. ಒಂದು, ಕದಂಬರಿಂದ ಮೊದಲ್ಗೊಂಡು ವಿಜಯನಗರದವರೆಗಿನ ವೈಭವದ ವರ್ಣನೆ. ಇನ್ನೊಂದು, ನಮ್ಮ ಇಂದಿನ ಕಷ್ಟಗಳ ನಿವೇದನೆ. ಎರಡೂ ಆವಶ್ಯಕವಾದುವೇ; ಎರಡನ್ನೂ ನಾವು ಈ ವೇದಿಕೆಯಿಂದಲೇ ಹಲವು ಸಲ ಕೇಳಿದ್ದೇವೆ, ಹೇಳಿಯೂ ಇದ್ದೇವೆ. ಆದರೆ ಕಾರ್ಯದರ್ಶಿಗಳು ಈ ಸಲ ವಿಷಯವನ್ನು ನಮ್ಮ ಆಯ್ಕೆಗೇ ಬಿಟ್ಟಾಗ, ಕನ್ನಡಿಗರು ಮನಬಿಚ್ಚಿ ನಕ್ಕ ಒಂದು ಕೃತಿಯ ವಿಚಾರವಾಗಿ ನಾಲ್ಕು ಮಾತನಾಡಬೇಕೆಂದು ತೋರಿತು. ಮಕ್ಕಳ ಪಾಲಿಗೆ ಕನ್ನಡವೆಂದರೆ ಬರಿಯ ಕರ್ತವ್ಯವಾಗಿ, ದುಃಖದ ಸಮಾಚಾರವಾಗಿ ಉಳಿದರೆ, ಆ ಭಾಷೆಯನ್ನು ಅವರು ಗೌರವಿಸಿಯಾರು, ಆಡಲಾರರು. ಇದು ತರಗತಿಯಲ್ಲಿ ಇಷ್ಟು ವರ್ಷ ನಿಂತು ನಾವು ಕಂಡುಕೊಂಡ ಸಂಗತಿ.

ಆ ಕೃತಿಯೇ ‘ಸದಾರಮೆ’. ಅದು ಮೊದಲು ಸಂಗೀತ ನಾಟಕ. ಬಳಿಕ 1935ರಲ್ಲಿ ವಾಕ್ಚಿತ್ರ. 1956ರಲ್ಲಿ ಮತ್ತೊಮ್ಮೆ ಚಿತ್ರ. ಈ ಸಭೆಯಲ್ಲಿರುವ ಹಿರಿಯರಲ್ಲಿ ಕೆಲವರಿಗೆ ಎರಡನೆಯ ಚಿತ್ರದ ನೆನಪಿದ್ದೀತು. ಮೊದಲನೆಯದನ್ನು ನಾವು ಯಾರೂ ನೋಡಿದವರಲ್ಲ. ನೋಡಿದವರ ಮಾತನ್ನು ಕೇಳಿದವರ ಮಾತಷ್ಟೇ ನಮಗೆ ಉಳಿದಿದೆ.

ಪಾಶ್ಚಾತ್ಯರಲ್ಲಿ ‘ಆಪೆರಾ’ ಎಂಬುದೊಂದು ನಾಟಕಪ್ರಕಾರವಿದೆ. ಮಾತಿಗಿಂತ ಹಾಡಿಗೆ ಅಲ್ಲಿ ಪ್ರಾಧಾನ್ಯ. ಅದರಲ್ಲಿ ವಿನೋದಕ್ಕೆ ಮೀಸಲಾದುದನ್ನು ‘ಕಾಮಿಕ್ ಆಪೆರಾ’ ಎನ್ನುತ್ತಾರೆ. ನಮ್ಮಲ್ಲಿ ಅದಕ್ಕೆ ಪ್ರತ್ಯೇಕವಾದ ಹೆಸರು ಹುಟ್ಟಲಿಲ್ಲ. ಹುಟ್ಟಬೇಕಾದ ಆವಶ್ಯಕತೆಯೂ ಬೀಳಲಿಲ್ಲ. ಏಕೆಂದರೆ ಹಾಡಿಲ್ಲದ ನಾಟಕವನ್ನು ನಮ್ಮ ಪೂರ್ವಿಕರು ನಾಟಕವೆಂದು ಒಪ್ಪುತ್ತಿರಲಿಲ್ಲ, ಹಾಸ್ಯವಿಲ್ಲದುದನ್ನು ಬೆಳಗಿನವರೆಗೆ ಕುಳಿತು ನೋಡುತ್ತಲೂ ಇರಲಿಲ್ಲ. ಮೂಡಲಪಾಯದ ಬಯಲಾಟದಲ್ಲಿ ಹನುಮನಾಯಕನಿಲ್ಲದೆ ರಾಜನ ಒಡ್ಡೋಲಗ ತೆರೆಯುವುದಿಲ್ಲ. ನಮ್ಮ ಊರುಗಳ ದ್ರೌಪದಮ್ಮನ ಜಾತ್ರೆಯ ತೆರುಕೂತ್ತಿನಲ್ಲಿ ಕಟ್ಟಿಯಂಗಾರನಿಲ್ಲದೆ ದುರ್ಯೋಧನನೂ ರಂಗಕ್ಕೆ ಬರಲಾರ. ಮಹಾರಾಜನಿಗೆ ಎದುರಾಗಿ ನಿಂತು ‘ನೀನಾರು?’ ಎಂದು ಕೇಳುವ ಅಧಿಕಾರ ಈ ದೇಶದಲ್ಲಿ ವಿದೂಷಕನೊಬ್ಬನಿಗೇ ಇದ್ದುದು.

ವೃತ್ತಿ ನಾಟಕಗಳು ಈ ಬಯಲಾಟದ ಮೇಲೆ ಬೇರೊಂದು ಕಟ್ಟಡವನ್ನು ಎಬ್ಬಿಸಿದವು. 1853ರ ಸುಮಾರಿಗೆ ಲಖನೌದಲ್ಲಿ ಅಮಾನತನು ರಚಿಸಿದ ‘ಇಂದ್ರಸಭಾ’ ಎಂಬ ಉರ್ದು ಗೇಯನಾಟಕವು ಪಾರ್ಸಿ ಕಂಪನಿಗಳ ಕೈಗೆ ಸಿಕ್ಕಿ ದೇಶವನ್ನೆಲ್ಲ ಸುತ್ತಿತು. 1932ರಲ್ಲಿ ಅದನ್ನು ಮಾಡನ್ ಥಿಯೇಟರ್ಸ್‌ನವರು ವಾಕ್ಚಿತ್ರವಾಗಿಸಿದಾಗ ಎಪ್ಪತ್ತರಷ್ಟು ಹಾಡುಗಳಿದ್ದುವಂತೆ. ಮರಾಠಿಯಲ್ಲಿ ಕಿರ್ಲೋಸ್ಕರರು 1880ರಲ್ಲಿ ಸಂಗೀತ ಶಾಕುಂತಲವನ್ನು ಆಡಿದರು. ಮೈಸೂರಿನಲ್ಲಿ ಚಾಮರಾಜೇಂದ್ರ ಒಡೆಯರ ಆಶ್ರಯದಲ್ಲಿ ಬಸವಪ್ಪಶಾಸ್ತ್ರಿಗಳು ಕನ್ನಡ ಶಾಕುಂತಲವನ್ನು ರಚಿಸಿದರು. 1884ರಲ್ಲಿ ತುಮಕೂರು ಸೀಮೆಯ ಗುಬ್ಬಿಯಲ್ಲಿ ಒಂದು ನಾಟಕ ಮಂಡಳಿ ಹುಟ್ಟಿತು. ಚನ್ನಬಸವೇಶ್ವರನ ಹೆಸರನ್ನು ಹೊತ್ತ ಆ ಮಂಡಳಿಯೇ ಮುಂದೆ ಗುಬ್ಬಿ ಕಂಪನಿಯೆಂದು ಪ್ರಖ್ಯಾತವಾಯಿತು. ಬಾಲ್ಯದಲ್ಲಿಯೇ ಅದನ್ನು ಸೇರಿದ ವೀರಣ್ಣನವರು ಕ್ರಮೇಣ ಅದರ ಒಡೆಯರಾದರು. ‘ಕುರುಕ್ಷೇತ್ರ’ಕ್ಕೆ ಆನೆ ಕುದುರೆಗಳನ್ನೇ ರಂಗಕ್ಕೆ ತಂದ ಸಾಹಸಿ ಅವರು. ಆದರೆ ಅವರ ಹೆಸರು ಮನೆಮನೆಗೂ ಮುಟ್ಟಿದುದು ಆನೆಯಿಂದಲ್ಲ, ‘ಸದಾರಮೆ’ಯ ಕಳ್ಳನಿಂದ.

ಈ ನಾಟಕದ ವಂಶಾವಳಿಯನ್ನು ಹೇಳುವಾಗ ನಮ್ಮ ಸಭಿಕರಲ್ಲಿ ಕೆಲವರು ಹುಬ್ಬುಗಂಟಿಕ್ಕಬಹುದು. ಆದರೂ ಇದ್ದುದನ್ನು ಹೇಳಲೇಬೇಕು. ‘ಸದಾರಂ’ ಎಂಬುದು ತಮಿಳು ರಂಗಭೂಮಿಯಲ್ಲಿ ಬಹಳ ಹಿಂದಿನಿಂದ ಆಡುತ್ತಿದ್ದ ನಾಟಕ. ಅದನ್ನು ಆಧರಿಸಿ ಮಲಯಾಳದಲ್ಲಿ ಕೆ. ಸಿ. ಕೇಶವ ಪಿಳ್ಳೆಯವರು ‘ಸದಾರಾಮ’ ಎಂಬ ಸಂಗೀತ ನಾಟಕವನ್ನು ಬರೆದರು. ಕನ್ನಡದಲ್ಲಿ ಅದೇ ಕಥೆಗೆ ರೂಪವನ್ನಿತ್ತವರು ಬೆಳ್ಳಾವೆ ನರಹರಿಶಾಸ್ತ್ರಿಗಳು. ಇವರು ಸಾಮಾನ್ಯರಲ್ಲ. ‘ಕೃಷ್ಣಲೀಲಾ’ ಮೊದಲಾದ ನಾಟಕಗಳಿಂದ ಕಂಪನಿಗಳನ್ನು ಪೋಷಿಸಿದವರು. 1934ರಲ್ಲಿ ತೆರೆಕಂಡ ಮೊತ್ತಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ಕ್ಕೆ ಮಾತುಗಳನ್ನೂ ಹಾಡುಗಳನ್ನೂ ಬರೆದವರು. ಕನ್ನಡ ಚಲಚ್ಚಿತ್ರವು ಬಾಯಿ ತೆರೆದು ಆಡಿದ ಮೊದಲ ಮಾತು ಅವರದೆಂದರೆ ಉತ್ಪ್ರೇಕ್ಷೆಯಾಗದು.

ಹೀಗೆ ತಮಿಳಿನಿಂದ ಬಂದ ಕಥೆಯನ್ನು ಕನ್ನಡದ್ದೆನ್ನಬಹುದೇ? ಇದೇ ಪ್ರಶ್ನೆಯನ್ನು ಹೊಸೂರಿನ ನಾವು ನಮ್ಮ ಅಡುಗೆಯ ವಿಚಾರದಲ್ಲಿ ಎಂದಾದರೂ ಕೇಳಿದ್ದೇವೆಯೇ? ನರಹರಿಶಾಸ್ತ್ರಿಗಳ ಸದಾರಮೆ ತುಮಕೂರಿನ ಕನ್ನಡವನ್ನು ಆಡುತ್ತಾಳೆ, ಅಷ್ಟು ಸಾಕು.

ಇನ್ನು ಕಥೆ. ವಿರಕ್ತಿಯಲ್ಲಿ ಮನಸ್ಸಿಟ್ಟ ರಾಜಕುಮಾರನೊಬ್ಬನು ವರ್ತಕನ ಮಗಳಾದ ಸದಾರಮೆಯನ್ನು ಕಂಡು ಮನಸೋಲುತ್ತಾನೆ. ಆ ವರ್ತಕನಾದರೋ ಮಹಾ ಲೋಭಿ. ಮಗಳನ್ನು ಕೊಡಬೇಕಾದರೆ ರಾಜ್ಯವನ್ನೇ ಕೊಡಬೇಕೆಂದು ಕೇಳುತ್ತಾನೆ. ರಾಜಕುಮಾರನು ರಾಜ್ಯವನ್ನು ಕೊಟ್ಟು ಹೆಂಡತಿಯನ್ನು ಪಡೆಯುತ್ತಾನೆ. ತಕ್ಕಡಿ ಹಿಡಿದ ಕೈಗೆ ರಾಜದಂಡ ಬರುತ್ತದೆ. ವರ್ತಕನ ಮಗ ಆದಿಮೂರ್ತಿಯ ಪೆದ್ದುತನಕ್ಕೆ ಅರಮನೆಯೇ ಅಂಗಳವಾಗುತ್ತದೆ. ಇತ್ತ ಗಂಡಹೆಂಡಿರು ಉಟ್ಟ ಬಟ್ಟೆಯಲ್ಲಿ ಹೊರಟು, ಊರೂರು ಅಲೆದು, ಹಸಿವನ್ನೂ ಅಗಲಿಕೆಯನ್ನೂ ಅನುಭವಿಸುತ್ತಾರೆ. ಸದಾರಮೆಯ ರೂಪವೇ ಅವಳಿಗೆ ಶತ್ರುವಾಗಿ, ಒಬ್ಬರಾದ ಮೇಲೊಬ್ಬರು ಅವಳನ್ನು ಅಪಹರಿಸಲು ಯತ್ನಿಸುತ್ತಾರೆ. ಅವರ ನಡುವೆ ಬರುವವನೇ ನಮ್ಮ ಕಳ್ಳ. ಅವನ ಕೈಗೆ ಸಿಕ್ಕಿಬಿದ್ದ ಸದಾರಮೆ ಕಣ್ಣೀರಿಡುತ್ತ ಕೂರದೆ, ನಯವಾದ ಮಾತಿನಿಂದ ಅವನನ್ನು ಮರುಳುಗೊಳಿಸಿ ಪಾರಾಗುತ್ತಾಳೆ, ಪುರುಷವೇಷವನ್ನು ಧರಿಸುತ್ತಾಳೆ, ಆ ವೇಷದಲ್ಲಿಯೇ ಮಾನ್ಯತೆಯನ್ನೂ ಪಡೆದು, ಕೊನೆಗೆ ಗಂಡನನ್ನು ಕೂಡುತ್ತಾಳೆ. ಎಲ್ಲವೂ ಸುಖಾಂತವಾಗುತ್ತದೆ.

ಕಥೆಯನ್ನು ಹೀಗೆ ಬಿಡಿಸಿ ಹೇಳಿದರೆ ಬಹಳ ಸಾಧಾರಣವೆಂದು ತೋರುತ್ತದೆ. ತೋರಲಿ. ಪುರಾಣದ ಸತಿಯರನ್ನು ಅಗ್ನಿಯೋ ದೇವರೋ ಕಾಪಾಡಿದರೆ, ಸದಾರಮೆಯನ್ನು ಕಾಪಾಡಿದುದು ಅವಳ ಬುದ್ಧಿ. ದೇವತೆ ಇಳಿದುಬರುವುದಿಲ್ಲ, ಶಾಪ ತಟ್ಟುವುದಿಲ್ಲ. ಒಬ್ಬ ಹೆಣ್ಣುಮಗಳು ಎದುರಿಗಿರುವ ಮನುಷ್ಯನ ದೌರ್ಬಲ್ಯವನ್ನು ಅರಿತು ಮಾತನಾಡುತ್ತಾಳೆ, ಅಷ್ಟೆ. ಕಂಪನಿ ನಾಟಕಗಳ ಕಾಲದಲ್ಲಿ ಇದು ಸಣ್ಣ ಸಂಗತಿಯಲ್ಲ. ನಮ್ಮ ಶಾಲೆಯ ಹೆಣ್ಣುಮಕ್ಕಳಿಗೆ ಕಥೆಯನ್ನು ಹೇಳಿದಾಗ ಅವರು ಮೊದಲು ಕೇಳಿದುದೂ ಇದನ್ನೇ: ಅವಳು ಕಳ್ಳನಿಗೆ ಏನೆಂದಳು?

ಅವಳು ಏನೆಂದಳೆಂಬುದು ರಾತ್ರಿಯಿಂದ ರಾತ್ರಿಗೆ ಬದಲಾಗುತ್ತಿತ್ತು. ಕಂಪನಿ ನಾಟಕದ ಹಾಸ್ಯದ ಮರ್ಮವನ್ನು ಅರಿಯದವರು ಅದನ್ನು ಪುಸ್ತಕದಲ್ಲಿ ಹುಡುಕುತ್ತಾರೆ. ರಾಜಕುಮಾರನ ಮಾತು ಬರೆದಿಟ್ಟದ್ದು; ಕಳ್ಳನ ಮಾತು ಆಡಿದಂತೆಲ್ಲ ಬೆಳೆಯುವಂಥದು. ಡೇರೆ ಹಾಕಿದ ಊರಿನ ಸಂತೆ, ಆ ವರ್ಷದ ಮಳೆ, ಮುಂದಿನ ಸಾಲಿನಲ್ಲಿ ಕುಳಿತ ಅಧಿಕಾರಿಯ ಪೇಟ, ಅಕ್ಕಿಯ ಬೆಲೆ, ಇವೆಲ್ಲವೂ ಹಾಸ್ಯನಟನಿಗೆ ಸಾಮಗ್ರಿ. ಒಂದು ಹಾಡಿಗೆ ‘ಒನ್ಸ್ ಮೋರ್’ ಬಂದರೆ ಸತ್ತು ಬಿದ್ದ ಪಾತ್ರವೂ ಎದ್ದು ಹಾಡಿ ಮತ್ತೆ ಸಾಯುತ್ತಿತ್ತೆಂಬುದು ವಿನೋದಕ್ಕಾಗಿ ಹೇಳುವ ಮಾತಾದರೂ ಅದರಲ್ಲಿ ಸತ್ಯವಿದೆ: ಪ್ರೇಕ್ಷಕನೂ ಅಲ್ಲಿ ಅರ್ಧ ನಾಟಕಕಾರ.

ಹಾಡಿನ ವಿಷಯದಲ್ಲಿಯೂ ಒಂದು ಮಾತು. ಅಂದಿನ ನಾಟಕಗಳ ಹಾಡಿನ ಪುಸ್ತಕಗಳನ್ನು ತೆರೆದರೆ, ಹಾಡಿನ ತಲೆಯ ಮೇಲೆ ರಾಗ, ತಾಳ, ಅದರ ಪಕ್ಕದಲ್ಲಿ ‘ಮಟ್ಟು’ ಎಂದು ಬೇರೊಂದು ಹಾಡಿನ ಹೆಸರು ಕಾಣುತ್ತದೆ. ತಮಿಳರು ಇದನ್ನೇ ‘ವರ್ಣಮೆಟ್ಟು’ ಎಂದರು. ಮರಾಠಿಯ ಧಾಟಿಗೆ ಕನ್ನಡದ ಮಾತು, ಪಾರ್ಸಿ ಕಂಪನಿಯ ಧಾಟಿಗೆ ತಮಿಳಿನ ಮಾತು, ಹೀಗೆ ಕೊಡುಕೊಳೆ ನಡೆಯಿತು. ನಮ್ಮ ಕೈಲಾಸಂ ಅವರು ಆಂಗ್ಲ ಸಿಪಾಯಿಗಳ ‘ಟಿಪ್ಪರರಿ’ಯ ಧಾಟಿಗೆ ‘ತಿಪ್ಪಾರಹಳ್ಳಿ’ಯನ್ನು ಕೂರಿಸಿದಾಗ ಪಂಡಿತರು ಮೂಗು ಮುರಿದರೋ ಏನೋ, ಕಂಪನಿಯ ಹಾರ್ಮೋನಿಯಂ ವಾದಕನು ಮಾತ್ರ ಇದರಲ್ಲಿ ಹೊಸದೇನನ್ನೂ ಕಾಣುತ್ತಿರಲಿಲ್ಲ. ಸ್ವರಕ್ಕೆ ಸುಂಕದ ಕಟ್ಟೆಯಿಲ್ಲವೆಂಬುದು ಅವನಿಗೆ ಗೊತ್ತಿತ್ತು.

ಇಂತಹ ನಾಟಕ ಬೆಳ್ಳಿತೆರೆಗೆ ಹೋದುದು 1935ರಲ್ಲಿ. ವೀರಣ್ಣನವರಿಗೆ ಚಲಚ್ಚಿತ್ರ ಹೊಸದಾಗಿರಲಿಲ್ಲ. ಅದಕ್ಕೆ ಮೂರು ನಾಲ್ಕು ವರ್ಷಗಳ ಹಿಂದೆಯೇ ಬೆಂಗಳೂರಿನಲ್ಲಿ ಮೂಕಚಿತ್ರಗಳ ಸಾಹಸವನ್ನು ನಡೆಸಿ, ‘ಹರಿಮಾಯ’ ಮೊದಲಾದುವನ್ನು ಹೊರತಂದಿದ್ದರು. ‘ಸದಾರಮೆ’ಯನ್ನು ಶಕುಂತಲಾ ಫಿಲಂಸ್ ಎಂಬ ಹೆಸರಿನಲ್ಲಿ ತೆಗೆದರು. ಅಶ್ವತ್ಥಮ್ಮನವರು, ಬಿ. ಜಯಮ್ಮನವರು, ಮುರಾರಾಚಾರ್ಯರು ಪಾತ್ರ ವಹಿಸಿದರು. ವೀರಣ್ಣನವರಿಲ್ಲದೆ ಸದಾರಮೆಯಿಲ್ಲವೆಂಬುದನ್ನು ಹೇಳಬೇಕಾಗಿಲ್ಲ. ನಿರ್ದೇಶಕರು ರಾಜಾ ಚಂದ್ರಶೇಖರ್. ಇವರು ಮುಂದೆ 1941ರಲ್ಲಿ ತ್ಯಾಗರಾಜ ಭಾಗವತರ ‘ಅಶೋಕ್ ಕುಮಾರ್’ ಎಂಬ ತಮಿಳು ಚಿತ್ರದಿಂದ ಕೀರ್ತಿಶಾಲಿಗಳಾದವರು. ಅದೇ 1935ರಲ್ಲಿಯೇ ತಮಿಳಿನಲ್ಲಿ ಕೆ. ಸುಬ್ರಹ್ಮಣ್ಯಂ ಅವರು ಎಸ್. ಡಿ. ಸುಬ್ಬುಲಕ್ಷ್ಮಿಯವರಿಂದ ನಾಯಕಿಯ ಪಾತ್ರವನ್ನು ಮಾಡಿಸಿ ‘ನವೀನ ಸದಾರಂ’ ಎಂಬ ಚಿತ್ರವನ್ನು ತಂದರು. ಒಂದೇ ಕಥೆ, ಒಂದೇ ವರ್ಷ, ಎರಡು ಭಾಷೆ.

ರಾತ್ರಿಯೆಲ್ಲ ನಡೆಯುತ್ತಿದ್ದ ನಾಟಕವನ್ನು ಎರಡು ಮೂರು ತಾಸುಗಳ ಸುರುಳಿಗೆ ಅಡಕಮಾಡುವುದೆಂದರೆ ಕೆಲವನ್ನು ಬಿಡಲೇಬೇಕು. ಹಾಡುಗಳನ್ನು ಕಡಿಮೆ ಮಾಡಬಹುದು. ಪರದೆಗಳನ್ನು ಬದಲಿಸುವ ಹೊತ್ತು ಉಳಿಯುತ್ತದೆ. ದೂರದಲ್ಲಿ ಕುಳಿತವನಿಗೂ ನಟನ ಹುಬ್ಬು ಕಾಣುತ್ತದೆ. ಇವೆಲ್ಲ ಲಾಭವೇ. ನಷ್ಟವೊಂದೇ, ಅದು ದೊಡ್ಡದು: ತೆರೆಗೆ ಕಿವಿಯಿಲ್ಲ. ಪ್ರೇಕ್ಷಕರು ಎಷ್ಟು ಕೂಗಿದರೂ ಕಳ್ಳನು ಮರಳಿ ಬರುವುದಿಲ್ಲ. ಧರ್ಮಪುರಿಯಲ್ಲಿ ಆಡಿದ ಮಾತನ್ನೇ ದಾವಣಗೆರೆಯಲ್ಲಿಯೂ ಆಡುತ್ತಾನೆ. ಸಾವಿರಾರು ರಾತ್ರಿಗಳ ನಾಟಕದಲ್ಲಿ ಯಾವುದೋ ಒಂದು ಹಗಲಿನ ಆಟ ಫಿಲಮಿನಲ್ಲಿ ಹಿಡಿದು ನಿಂತಿತು.

ಇದು ನಮ್ಮವರಿಗೆ ಮಾತ್ರ ಒದಗಿದ ತೊಡಕಲ್ಲ. ಲಂಡನ್ನಿನಲ್ಲಿ ಗಿಲ್ಬರ್ಟನ ಮಾತು, ಸಲಿವನ್ನನ ಸಂಗೀತ, ಇವೆರಡು ಸೇರಿ ‘ಮಿಕಾಡೊ’ ಎಂಬ ವಿನೋದ ಗೇಯನಾಟಕ 1885ರಲ್ಲಿ ಸ್ಯಾವಾಯ್ ರಂಗಮಂದಿರದಲ್ಲಿ ಆಡಲ್ಪಟ್ಟಿತು. ಎಂದರೆ ಗುಬ್ಬಿ ಕಂಪನಿ ಹುಟ್ಟಿದ ಮರುವರ್ಷವೇ. ಅದರ ಕಥೆಯನ್ನು ಕೇಳಿದರೆ ಸದಾರಮೆಯ ದೂರದ ಬಂಧುವೆಂದು ಅನ್ನಿಸದಿರದು. ಜಪಾನಿನ ಚಕ್ರವರ್ತಿಯ ಮಗನು ತನಗೊಲ್ಲದ ಮದುವೆಯಿಂದ ತಪ್ಪಿಸಿಕೊಂಡು, ಅರಮನೆಯನ್ನು ತೊರೆದು, ಹಾಡುಗಾರನ ವೇಷದಲ್ಲಿ ಅಲೆಯುತ್ತ ಒಬ್ಬ ಹುಡುಗಿಗೆ ಒಲಿಯುತ್ತಾನೆ. ಆ ಊರಿನಲ್ಲಿ ಮರಣದಂಡನೆಗೆ ಗುರಿಯಾಗಿದ್ದ ದರ್ಜಿಯೊಬ್ಬನನ್ನು ತಲೆ ಕಡಿಯುವ ಅಧಿಕಾರಿಯ ಪದವಿಗೇ ಏರಿಸಿದ್ದಾರೆ. ಮಿಕ್ಕ ಪದವಿಗಳನ್ನೆಲ್ಲ ಇನ್ನೊಬ್ಬನೇ ಹೊತ್ತು ಸಂಬಳವನ್ನೂ ಎಣಿಸಿಕೊಳ್ಳುತ್ತಾನೆ. ಇಲ್ಲಿ ವರ್ತಕನಿಗೆ ಸಿಂಹಾಸನ, ಅಲ್ಲಿ ದರ್ಜಿಗೆ ಕತ್ತಿ. ಅಧಿಕಾರವು ಅನರ್ಹನ ಕೈಗೆ ಬಿದ್ದಾಗ ಉಂಟಾಗುವ ನಗೆ ಗುಬ್ಬಿಯಲ್ಲಿಯೂ ಲಂಡನ್ನಿನಲ್ಲಿಯೂ ಒಂದೇ.

1939ರಲ್ಲಿ ವಿಕ್ಟರ್ ಶೆರ್ಟ್ಸಿಂಗರ್ ಎಂಬವರು ಅದನ್ನು ಬಣ್ಣದ ಚಿತ್ರವಾಗಿ ತೆಗೆದರು. ಆ ನಾಟಕವನ್ನು ತಲೆಮಾರುಗಳಿಂದ ಆಡುತ್ತಿದ್ದ ಡಾಯ್ಲಿ ಕಾರ್ಟ್ ಕಂಪನಿಯ ಮಾರ್ಟಿನ್ ಗ್ರೀನ್ ದರ್ಜಿಯ ಪಾತ್ರವನ್ನೂ ಸಿಡ್ನಿ ಗ್ರಾನ್‌ವಿಲ್ ಸಕಲ ಪದವಿಗಳ ಸರದಾರನ ಪಾತ್ರವನ್ನೂ ವಹಿಸಿದರು. ನಾಯಕನ ಪಾತ್ರಕ್ಕೆ ಮಾತ್ರ ಕೆನ್ನಿ ಬೇಕರ್ ಎಂಬ ಅಮೆರಿಕದ ಗಾಯಕನನ್ನು ಕರೆತಂದರು. ಆ ನಾಟಕದಲ್ಲಿ ದರ್ಜಿಯು ಒಂದು ಪಟ್ಟಿಯನ್ನು ಹಾಡುತ್ತಾನೆ: ಈ ಲೋಕದಲ್ಲಿ ಯಾರಾರ ತಲೆ ಹೋದರೆ ಯಾರಿಗೂ ನಷ್ಟವಿಲ್ಲವೆಂಬ ಪಟ್ಟಿ. ಆಯಾ ಕಾಲದ, ಆಯಾ ಊರಿನ ಉಪದ್ರವಕಾರರನ್ನು ನಟರು ಅದರಲ್ಲಿ ಸೇರಿಸುತ್ತ ಬಂದಿದ್ದಾರೆ. ನಮ್ಮ ಕಳ್ಳನ ಹೊಸ ಹೊಸ ಮಾತುಗಳಂತೆಯೇ. 1939ರ ಚಿತ್ರದಲ್ಲಿ ಆ ಹಾಡನ್ನು ಕೈಬಿಟ್ಟರು. ಕಥೆಗೆ ಅದರಿಂದ ಕುಂದೇನೂ ಬಂದಿಲ್ಲವೆಂದು ಹೇಳುವವರಿದ್ದಾರೆ. ಹಾಸ್ಯಕ್ಕೆ ಬಂದಿದೆಯೆಂಬುದು ನಮ್ಮ ಅಭಿಪ್ರಾಯ. ಊರಿನ ಹೆಸರನ್ನು ಹೇಳದ ಹಾಸ್ಯ ಉಪ್ಪಿಲ್ಲದ ಸಾರು.

ಹಾಸ್ಯವೆಂಬುದು ಯಾರನ್ನು ಕುರಿತು ಎಂಬ ಪ್ರಶ್ನೆಯೂ ಇಲ್ಲಿ ಏಳುತ್ತದೆ. 1907ರಲ್ಲಿ ಜಪಾನಿನ ರಾಜಕುಮಾರನೊಬ್ಬನು ಲಂಡನ್ನಿಗೆ ಬಂದಾಗ, ಅತಿಥಿಗೆ ನೋವಾದೀತೆಂದು ‘ಮಿಕಾಡೊ’ವನ್ನು ಕೆಲಕಾಲ ಆಡಗೊಡಲಿಲ್ಲ. ಗಿಲ್ಬರ್ಟನು ಹಾಸ್ಯಮಾಡಿದುದು ಇಂಗ್ಲೆಂಡಿನ ಅಧಿಕಾರಿಗಳನ್ನೇ. ಜಪಾನು ಬರಿಯ ಪರದೆ. ಆದರೂ ಪರದೆಯ ಮೇಲೆ ಬರೆಯಲ್ಪಟ್ಟವನಿಗೆ ತನ್ನ ಚಿತ್ರ ಕಾಣುತ್ತದೆ. ‘ಸದಾರಮೆ’ಯಲ್ಲಿಯೂ ವರ್ತಕರ ಲೋಭವನ್ನು ಕುರಿತ ಗೇಲಿ ಒಂದೊಂದು ಸಲ ಒಬ್ಬ ಲೋಭಿಯನ್ನು ಬಿಟ್ಟು ಒಂದು ಕುಲವನ್ನೇ ಮುಟ್ಟುವಂತಿದೆ. ಅಂತಹ ಮಾತುಗಳನ್ನು ಇಂದು ಆಡುವವರು ತೆಗೆದುಹಾಕಿದರೆ ನರಹರಿಶಾಸ್ತ್ರಿಗಳ ಆತ್ಮವೇನೂ ನೊಂದುಕೊಳ್ಳಲಾರದು. ಲೋಭಿ ಎಲ್ಲ ಕೇರಿಗಳಲ್ಲಿಯೂ ಇದ್ದಾನೆ.

ಎರಡನೆಯ ಸಲ ‘ಸದಾರಮೆ’ ತೆರೆಗೆ ಬಂದುದು 1956ರಲ್ಲಿ. ಈ ಸಲ ಚಿತ್ರವನ್ನು ತೆಗೆದವರು ಮದರಾಸಿನ ಎ. ವಿ. ಮೆಯ್ಯಪ್ಪನವರು, ಕಾರೈಕುಡಿಯ ಸೀಮೆಯವರು. ನಿರ್ದೇಶಿಸಿದವರು ಕು. ರಾ. ಸೀ. ಎಂದು ನಾವೆಲ್ಲ ಬಲ್ಲ ಕುಣಿಗಲಿನ ಸೀತಾರಾಮಶಾಸ್ತ್ರಿಗಳು. ನಾಯಕ ಕಲ್ಯಾಣಕುಮಾರ್, ಬೆಂಗಳೂರಿನವರು. ನಾಯಕಿ ಸಾಹುಕಾರ್ ಜಾನಕಿ, ತೆಲುಗು ಮಾತೃಭಾಷೆಯವರು. ಇದು ನಮ್ಮ ಹೊಸೂರಿನ ಸಂತೆಯಲ್ಲದೆ ಮತ್ತೇನು! ಮತ್ತೆ ಅದೇ ವರ್ಷ ತಮಿಳಿನಲ್ಲಿ ಜೆಮಿನಿ ಗಣೇಶನ್, ಭಾನುಮತಿಯವರು ನಟಿಸಿದ ‘ಸದಾರಂ’ ಬಂದಿತು. ಇಪ್ಪತ್ತೊಂದು ವರ್ಷಗಳ ಅಂತರದಲ್ಲಿ ಎರಡು ಸಲವೂ ಈ ಅಕ್ಕತಂಗಿಯರು ಜೊತೆಯಾಗಿಯೇ ಮನೆಯಿಂದ ಹೊರಟರು.

1956 ಎಂದರೆ ಈ ಸಭೆಯಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ. ಆ ವರ್ಷದ ನವೆಂಬರ್ 1ರಂದು ಭಾಷೆಗಳನ್ನು ಅನುಸರಿಸಿ ರಾಜ್ಯಗಳ ಗಡಿಗಳನ್ನು ಬರೆದರು. ಅಂದಿನ ಸೇಲಂ ಜಿಲ್ಲೆಗೆ ಸೇರಿದ್ದ ಹೊಸೂರು ಮದರಾಸು ರಾಜ್ಯದಲ್ಲಿ ಉಳಿಯಿತು. 1965ರಲ್ಲಿ ಧರ್ಮಪುರಿ ಜಿಲ್ಲೆಗೆ ಸೇರಿತು. 2004ರಿಂದ ಕೃಷ್ಣಗಿರಿ ಜಿಲ್ಲೆಯದಾಯಿತು. ಬೆಂಗಳೂರಿನಿಂದ ಹತ್ತು ಹರದಾರಿಯೊಳಗಿನ ಊರು ಮೂರು ಜಿಲ್ಲೆಗಳ ಹೆಸರನ್ನು ಹೊತ್ತರೂ ತಳಿ, ಡೆಂಕಣಿಕೋಟೆ, ಅಂಚೆಟ್ಟಿ, ಬಾಗಲೂರುಗಳ ಮನೆಗಳ ಒಳಗಿನ ಮಾತು ಜಿಲ್ಲಾ ಕಚೇರಿಯನ್ನು ಕೇಳಿ ಬದಲಾಗಲಿಲ್ಲ. ಗಡಿಗೆರೆ ಬಿದ್ದ ಅದೇ ವರ್ಷ ಒಬ್ಬ ತಮಿಳು ನಿರ್ಮಾಪಕರು ಕನ್ನಡದಲ್ಲಿ ‘ಸದಾರಮೆ’ಯನ್ನು ತೆಗೆದರೆಂಬುದನ್ನು ಚರಿತ್ರೆಯ ಅಧ್ಯಾಪಕರು ಪಾಠದಲ್ಲಿ ಸೇರಿಸಲಾರರು, ಕನ್ನಡದ ಅಧ್ಯಾಪಕರಾದ ನಾವು ಸೇರಿಸುತ್ತೇವೆ.

ಗುಬ್ಬಿ ಕಂಪನಿಗೂ ಗಡಿನಾಡಿಗೂ ಇರುವ ನಂಟು ಇಷ್ಟಕ್ಕೇ ಮುಗಿಯುವುದಿಲ್ಲ. ಡಾ. ರಾಜಕುಮಾರ್ ಅವರು ಹುಟ್ಟಿದ ಗಾಜನೂರು ಇಂದಿನ ತಮಿಳುನಾಡಿನ ತಾಳವಾಡಿ ಸೀಮೆಯಲ್ಲಿದೆ. ಅವರ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಗುಬ್ಬಿ ಕಂಪನಿಯ ನಟರು. ಬಾಲಕನಾಗಿ ಅವರ ಹಿಂದೆಯೇ ರಂಗಕ್ಕೆ ಬಂದ ಮಗನು 1954ರಲ್ಲಿ ‘ಬೇಡರ ಕಣ್ಣಪ್ಪ’ನಾದುದನ್ನು ಎಲ್ಲರೂ ಬಲ್ಲರು. ನರಸಿಂಹರಾಜು, ಬಾಲಕೃಷ್ಣ, ಜಿ. ವಿ. ಅಯ್ಯರ್, ಇವರೆಲ್ಲರೂ ಆ ಡೇರೆಯ ನೆರಳಿನಲ್ಲಿ ಬೆಳೆದವರು. ಕನ್ನಡ ಚಲಚ್ಚಿತ್ರದ ಹಾಸ್ಯಕ್ಕೆ ಬೇರು ಎಲ್ಲಿದೆಯೆಂದು ಸಂಶೋಧನೆ ಮಾಡಬೇಕಾದ ಪ್ರಮೇಯವಿಲ್ಲ.

ಈಗ ಈ ಭಾಷಣದಲ್ಲಿ ನಮಗೆ ಅತ್ಯಂತ ಮುಖ್ಯವೆಂದು ತೋರಿದ ಅಂಶಕ್ಕೆ ಬರುತ್ತೇವೆ. ಕಂಪನಿ ನಾಟಕದಲ್ಲಿ ರಾಜನೂ ರಾಜಕುಮಾರನೂ ಗ್ರಾಂಥಿಕ ಕನ್ನಡವನ್ನಾಡುತ್ತಾರೆ. ‘ಎಲೈ ಸುಂದರಾಂಗಿಯೇ’ ಎಂಬಂತಹ ಸಂಬೋಧನೆ. ಕಳ್ಳನೂ ಆದಿಮೂರ್ತಿಯೂ ಆಡುವುದು ಕೇರಿಯ ಕನ್ನಡ. ಸಭೆ ಕೈತಟ್ಟುವುದು ಯಾರಿಗೆ? ವಿದ್ವತ್ ಪರೀಕ್ಷೆಗೆ ಕುಳಿತು ಕೇಶಿರಾಜನ ಸೂತ್ರಗಳನ್ನು ಉರುಹೊಡೆದ ನಾವು, ರಾಜಕುಮಾರನ ಭಾಷೆಯನ್ನು ಕಲಿಸುವುದಕ್ಕಾಗಿ ನೇಮಕಗೊಂಡವರು. ಆ ಭಾಷೆಯನ್ನು ಬಿಡಬೇಕೆಂದು ನಾವು ಹೇಳುತ್ತಿಲ್ಲ. ಅದಿಲ್ಲದೆ ಪಂಪನೂ ಇಲ್ಲ, ಕುಮಾರವ್ಯಾಸನೂ ಇಲ್ಲ. ಆದರೆ ನಮ್ಮ ಮಕ್ಕಳು ಮನೆಯಿಂದ ತರುವ ಕನ್ನಡದಲ್ಲಿ ಒಂದು ಪದ ತೆಲುಗಿನದು, ಒಂದು ತಮಿಳಿನದು, ಕ್ರಿಯಾಪದ ಮಾತ್ರ ಕನ್ನಡದ್ದು. ಬೆಂಗಳೂರಿನಿಂದ ಬಂದ ಅತಿಥಿಗಳು ಅದನ್ನು ಕೇಳಿ ಮುಗುಳ್ನಗುತ್ತಾರೆ. ಮಗು ಅದನ್ನು ಗಮನಿಸುತ್ತದೆ. ಮಾರನೆಯ ದಿನದಿಂದ ತರಗತಿಯಲ್ಲಿ ಕನ್ನಡವನ್ನು ಆಡಲು ಅದಕ್ಕೆ ನಾಚಿಕೆ. ತಮಿಳಿನಲ್ಲಿಯೋ ಇಂಗ್ಲಿಷಿನಲ್ಲಿಯೋ ಉತ್ತರ ಕೊಡುತ್ತದೆ. ಒಂದು ಭಾಷೆ ಮನೆಯಿಂದ ಹೊರಟುಹೋಗುವ ಬಗೆ ಹೀಗೆ. ಸರಕಾರದ ಆಜ್ಞೆಗಿಂತ ಈ ಮುಗುಳ್ನಗೆ ಹೆಚ್ಚು ಕೆಲಸ ಮಾಡುತ್ತದೆ.

2006ರ ತಮಿಳು ಕಲಿಕೆಯ ಶಾಸನ ಬಂದ ಮೇಲೆ ನಮ್ಮ ಕನ್ನಡ ಶಾಲೆಗಳಲ್ಲಿಯೂ ಒಂದನೆಯ ತರಗತಿಯಿಂದ ಕ್ರಮಕ್ರಮವಾಗಿ ತಮಿಳು ಕಡ್ಡಾಯವಾಯಿತು. ಮಕ್ಕಳು ತಮಿಳನ್ನು ಕಲಿಯುವುದು ಒಳ್ಳೆಯದೇ; ಈ ನೆಲದ ಅನ್ನವನ್ನು ಉಣ್ಣುವವರು ಈ ನೆಲದ ಮಾತನ್ನು ಕಲಿಯಬೇಕು. ಪರೀಕ್ಷೆಯಲ್ಲಿ ಕನ್ನಡಕ್ಕೆ ದೊರೆಯಬೇಕಾದ ಸ್ಥಾನದ ವಿಚಾರವಾಗಿ ನ್ಯಾಯಾಲಯಗಳಲ್ಲಿ ವಾದಿಸಿದವರು ವಾದಿಸಿದ್ದಾರೆ. ನಮ್ಮ ಸಂಘವೂ ತನ್ನ ಕೈಲಾದುದನ್ನು ಮಾಡಿದೆ. ಆದರೆ ಅಂಕಗಳಿಂದ ಉಳಿಯುವ ಕನ್ನಡ ಹತ್ತನೆಯ ತರಗತಿಯವರೆಗೆ. ಅಲ್ಲಿಂದ ಮುಂದೆ ಅದು ಉಳಿಯಬೇಕಾದರೆ ಮಕ್ಕಳು ಅದರಲ್ಲಿ ಜಗಳವಾಡಬೇಕು, ಗೇಲಿಮಾಡಬೇಕು, ನಗಬೇಕು.

ಆದುದರಿಂದಲೇ ‘ಸದಾರಮೆ’ಯ ಕಳ್ಳನ ಪಾತ್ರ ನಮ್ಮ ಮಕ್ಕಳಿಗೆ ತಕ್ಕುದೆಂದು ನಮಗೆ ತೋರುತ್ತದೆ. ಅವನ ಮಾತು ಊರೂರಿಗೂ ಬದಲಾಗಬಹುದಾದರೆ, ಡೆಂಕಣಿಕೋಟೆಯ ಕನ್ನಡದಲ್ಲಿಯೂ ಏಕೆ ಆಗಬಾರದು? ತಕ್ಕಮಟ್ಟಿಗೆ ತಮಿಳು, ತಕ್ಕಮಟ್ಟಿಗೆ ತೆಲುಗು ಬೆರೆತ ಕಳ್ಳನು ರಂಗದ ಮೇಲೆ ಬಂದು, ಬೆಂಗಳೂರಿನ ಅತಿಥಿಗಳನ್ನೂ ನಗಿಸಿದರೆ, ಆ ನಗೆ ಬೇರೆ ಬಗೆಯದು. ತನ್ನನ್ನು ನೋಡಿ ನಗುವುದಕ್ಕೂ ತಾನು ನಗಿಸುವುದಕ್ಕೂ ಇರುವ ಅಂತರವನ್ನು ಹದಿಮೂರು ವರ್ಷದ ಹುಡುಗನಿಗೆ ವ್ಯಾಕರಣದಿಂದ ಕಲಿಸಲಾಗದು.

ಪಾತ್ರಧಾರಿ ಹುಡುಗನೇ ಆಗಬೇಕೆಂದೂ ಇಲ್ಲ. ವೀರಣ್ಣನವರು 1972ರಲ್ಲಿ ಪದ್ಮಶ್ರೀ ಪಡೆದು, ಅದೇ ವರ್ಷ ಕಾಲವಾದರು. ಅವರ ಮೊಮ್ಮಗಳು ಬಿ. ಜಯಶ್ರೀಯವರು ‘ಸದಾರಮೆ’ಯನ್ನು ಮರಳಿ ರಂಗಕ್ಕೆ ತಂದು, ಅಜ್ಜನು ಮಾಡುತ್ತಿದ್ದ ಕಳ್ಳನ ಪಾತ್ರವನ್ನು ತಾವೇ ವಹಿಸಿದರು. ಒಂದು ಕಾಲದಲ್ಲಿ ಗಂಡಸರು ಸೀರೆಯುಟ್ಟು ನಾಯಕಿಯರ ಪಾತ್ರ ಮಾಡುತ್ತಿದ್ದರು. ಆ ಬಳಿಕ ಹೆಂಗಸರು ರಂಗಕ್ಕೆ ಬಂದು ತಮ್ಮ ಪಾತ್ರಗಳನ್ನು ತಾವೇ ಮಾಡಿದರು. ಕೊನೆಗೆ ಹೆಣ್ಣುಮಗಳೊಬ್ಬಳು ಕಳ್ಳನ ಮೀಸೆಯನ್ನೂ ಕಿತ್ತುಕೊಂಡಳು. ನಾಟಕದೊಳಗಿನ ಸದಾರಮೆ ಗಂಡುವೇಷ ತೊಟ್ಟು ಗೆದ್ದುದನ್ನು ನೆನೆದರೆ, ಇದು ಆ ಕಥೆಯ ಮುಂದಿನ ಅಂಕವೇ ಸರಿ.

ಇಂದಿನ ಮಕ್ಕಳು ಎರಡು ತಾಸಿನ ನಾಟಕವನ್ನು ನೋಡುವರೇ, ಕೈಯಲ್ಲಿ ದೂರವಾಣಿ ಹಿಡಿದು ಅರೆನಿಮಿಷದ ಚಿತ್ರಗಳನ್ನು ನೋಡುವವರಿಗೆ ಕಂದಪದ್ಯದ ಧಾಟಿ ರುಚಿಸೀತೇ ಎಂದು ಸಂಘದ ಮಿತ್ರರೊಬ್ಬರು ಕೇಳಿದರು. ನಿಜ. ಇಡೀ ನಾಟಕವನ್ನು ಆಡುವ ಶಕ್ತಿ ನಮಗೂ ಇಲ್ಲ. ಹಾಡಬಲ್ಲ ಮಕ್ಕಳು ಮೂವರು ನಾಲ್ವರು, ಹಾರ್ಮೋನಿಯಂ ನುಡಿಸಬಲ್ಲವರು ನಮ್ಮ ಸದಸ್ಯರಲ್ಲಿ ಒಬ್ಬರೇ, ಅವರಿಗೂ ವಯಸ್ಸಾಗಿದೆ. ಆದುದರಿಂದ ಕಳ್ಳನೂ ಸದಾರಮೆಯೂ ಎದುರಾಗುವ ಒಂದೇ ದೃಶ್ಯವನ್ನು ಆಯ್ದುಕೊಂಡಿದ್ದೇವೆ. ಎರಡು ಹಾಡು, ಇಪ್ಪತ್ತು ನಿಮಿಷ. ಸದಾರಮೆಯ ಮಾತುಗಳು ಶಾಸ್ತ್ರಿಗಳವು. ಕಳ್ಳನ ಮಾತುಗಳನ್ನು ಒಂಬತ್ತನೆಯ ತರಗತಿಯ ಮಕ್ಕಳೇ ತಮ್ಮ ಮನೆಯ ಮಾತಿನಲ್ಲಿ ಕಟ್ಟುತ್ತಿದ್ದಾರೆ. ಈಗಾಗಲೇ ಅದರಲ್ಲಿ ಹೊಸೂರಿನ ಬಸ್ಸಿನ ನಿಲ್ದಾಣವೂ ಟೊಮೇಟೊ ಬೆಲೆಯೂ ಸೇರಿವೆ. ಅವರ ಕನ್ನಡ ಅಧ್ಯಾಪಕರ ಛತ್ರಿಯೂ ಸೇರಿದೆಯೆಂದು ಸುದ್ದಿ.

ಅಭ್ಯಾಸ ಭಾನುವಾರಗಳಂದು ಮಧ್ಯಾಹ್ನ ಮೂರು ಘಂಟೆಗೆ ಸಂಘದ ಇದೇ ಕೊಠಡಿಯಲ್ಲಿ ನಡೆಯುತ್ತದೆ. ತಂದೆತಾಯಿಗಳು ಬಂದು ನೋಡಬಹುದು; ‘ಒನ್ಸ್ ಮೋರ್’ ಎನ್ನಲೂಬಹುದು. ಕೊನೆಯದಾಗಿ ಹಿರಿಯರಲ್ಲಿ ನಮ್ಮದೊಂದು ಬಿನ್ನಹ. ನಿಮ್ಮ ಮನೆಗಳ ಅಟ್ಟಗಳ ಮೇಲೆ, ಹಳೆಯ ಟ್ರಂಕುಗಳಲ್ಲಿ, ಕಂಪನಿ ನಾಟಕಗಳ ಹಾಡಿನ ಪುಸ್ತಕಗಳಾಗಲಿ, ಚಿತ್ರಗಳ ಹಾಡಿನ ಪುಸ್ತಿಕೆಗಳಾಗಲಿ ಇದ್ದರೆ, ಕನ್ನಡದವಾಗಲಿ ತಮಿಳಿನವಾಗಲಿ, ದಯಮಾಡಿ ಒಂದು ದಿನದ ಮಟ್ಟಿಗೆ ನಮಗೆ ಕೊಡಿರಿ. ರದ್ದಿಯವನಿಗೆ ಕೊಡುವ ಮೊದಲು ಒಮ್ಮೆ ನಮ್ಮನ್ನು ಕರೆಯಿರಿ. ನಕಲು ಮಾಡಿಕೊಂಡು, ಹರಿದ ಪುಟಗಳಿದ್ದರೆ ಅಂಟಿಸಿ, ಮಾರನೆಯ ದಿನವೇ ಹಿಂದಿರುಗಿಸುತ್ತೇವೆ.